ಆರು ಗಂಟೆಯ ಕೆಟಲ್

ಸುಟ್ಟ ಕೆಟಲನ್ನು ಚೀಲದಲ್ಲಿ ಹಾಕಿಕೊಂಡು ಪಾಲೀನ್ ಬಸ್ ಹತ್ತಿದಾಗ, ಅವಳ ಮುಖ ನೋಡಿಯೇ ಪಕ್ಕದ ಸೀಟಿನ ಹೆಂಗಸು ಎದ್ದು ಬೇರೆ ಕಡೆ ಹೋಗಿ ಕೂತಳು. ಚೀಲದಿಂದ ಬರುತ್ತಿದ್ದ ಸುಟ್ಟ ಪ್ಲಾಸ್ಟಿಕ್ಕಿನ ನಾತವೂ ಅದಕ್ಕೆ ಕಾರಣವಿರಬಹುದು. ಖಾಲಿಯಾದ ಸೀಟಿನಲ್ಲಿ ಅವಳ ಗಂಡ ಟ್ರೆವರ್ ಮುದುರಿಕೊಂಡು ಕೂತ. ನಲವತ್ತು ವರ್ಷ ಇಂಗ್ಲೆಂಡಿನ ಹಲ್ ಪಟ್ಟಣದಲ್ಲಿ ಇಂಥದೇ ಬಸ್ ಓಡಿಸಿ ನಿವೃತ್ತನಾದ ಮನುಷ್ಯ ಇವತ್ತು ಟಿಕೆಟಿಲ್ಲದೆ ಹತ್ತಿದವನ ಹಾಗೆ ಕಾಣುತ್ತಿದ್ದ.

"ಜಗಳ ಬೇಡ ಕಣೆ. ಅಂಥದ್ದೇ ಇನ್ನೊಂದು ತಗೊಂಡು ಬಂದ್ರಾಯ್ತು," ಎಂದ.

"ಅಂಥದ್ದೇ ಯಾಕೆ? ಮನೆ ಸುಡೋದಕ್ಕಾ? ವರ್ಷ ತುಂಬಿಲ್ಲ, ತಳ ಕರಗಿ ಹೋಗಿದೆ. ದುಡ್ಡು ವಾಪಸ್ ಇಸ್ಕೊಂಡು ಆ ಸ್ಮಾರ್ಟ್ ಕೆಟಲ್ ತಗೋತೀನಿ. ಡೆನಿಸ್ ಮನೇಲಿದೆಯಲ್ಲ, ಅದು. ರಾತ್ರಿ ನೀರು ತುಂಬಿಟ್ರೆ ಸಾಕು. ಬೆಳಿಗ್ಗೆ ಹಾಸಿಗೇಲೇ ಫೋನ್ ಒತ್ತಿದ್ರೆ ನೀರು ಕುದಿಯುತ್ತಂತೆ."

ಡೆನಿಸ್ ಅಂದರೆ ಪಾಲೀನ್ ಜೊತೆ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವವಳು.

"ಹಾಸಿಗೇಲಿ ಮಲ್ಕೊಂಡು ನೀರು ಕುದಿಸೋದಾದ್ರೆ ನಾನ್ಯಾಕಿದೀನಿ?" ಎಂದ ಟ್ರೆವರ್.

ಮದುವೆಯಾದ ಮೂವತ್ತೇಳು ವರ್ಷದಲ್ಲಿ ಪಾಲೀನ್ ಒಂದು ದಿನವೂ ಚಹಾ ಕುಡಿಯದೆ ಹಾಸಿಗೆಯಿಂದ ಇಳಿದವಳಲ್ಲ. ಬೆಳಿಗ್ಗೆ ಆರಕ್ಕೆ ಟ್ರೆವರ್ ಎರಡು ಮಗ್ ಹಿಡಿದು ಮೆಟ್ಟಿಲು ಹತ್ತಿ ಬರಬೇಕು, ಮಂಚದ ಪಕ್ಕ ಇಡಬೇಕು, ಹೊರಗೆ ಮಳೆಯೋ ಗಾಳಿಯೋ ಹೇಳಬೇಕು. ಹೆರಿಗೆಯಾದ ವಾರವೂ ತಪ್ಪಿಲ್ಲ, ಅವನಪ್ಪ ತೀರಿಕೊಂಡ ದಿನವೂ ತಪ್ಪಿಲ್ಲ. ಜಗಳವಾಡಿ ಬೆನ್ನು ತಿರುಗಿಸಿ ಮಲಗಿದ ಮರುದಿನ ಕೂಡ ಚಹಾ ಬಂದಿತ್ತು, ಮಾತು ಮಾತ್ರ ಬಂದಿರಲಿಲ್ಲ. ಇವತ್ತು ಚಹಾದ ಬದಲು ಕಪ್ಪು ಹೊಗೆ ಮೇಲೆ ಬಂತು. ಅವಳು ಕೆಳಗೋಡಿ ನೋಡಿದರೆ ಟ್ರೆವರ್ ಕಿಟಕಿಗಳನ್ನೆಲ್ಲ ತೆರೆದು, ಟವೆಲ್ ಬೀಸುತ್ತಾ, "ವೈರ್ ಸರಿ ಇಲ್ಲ, ವೈರ್ ಸರಿ ಇಲ್ಲ" ಎನ್ನುತ್ತಿದ್ದ.

ಕೆಟಲ್ ಕೊಂಡಿದ್ದ ಅಂಗಡಿಯ ಒಡತಿ ಲಿನೆಟ್ ಗಲ್ಲಾದ ಹಿಂದೆ ಸ್ಯಾಂಡ್‌ವಿಚ್ ತಿನ್ನುತ್ತಿದ್ದಳು. ಪಾಲೀನ್ ಚೀಲವನ್ನು ಅವಳ ಮುಂದೆ ಕುಕ್ಕಿದಳು.

"ನೋಡಿ, ಏನು ಮಾರಿದೀರಾ ಅಂತ. ಇನ್ನೊಂದು ಗಳಿಗೆ ಆಗಿದ್ರೆ ನಾವಿಬ್ರೂ ಹೊಗೇಲಿ ಸತ್ತು ಹೋಗ್ತಿದ್ವಿ. ಇಂಥಾ ರದ್ದಿ ಮಾಲು ಇಟ್ಕೊಂಡು ಅಂಗಡಿ ನಡೆಸ್ತೀರಲ್ಲ, ನಾಚಿಕೆ ಆಗಲ್ವಾ?"

ಲಿನೆಟ್ ಸಹ ಸುಮ್ಮನಿರುವ ಜಾತಿಯವಳಲ್ಲ. ಬಾಯಲ್ಲಿದ್ದ ತುತ್ತು ನುಂಗಿ, "ರದ್ದಿ ಅಂತೀರಾ? ನಿಮ್ಮ ಯಜಮಾನ್ರು ಈಸ್ಟರ್ ಆದ್ಮೇಲೆ ಇದನ್ನೇ ಎರಡು ಸಲ ಒಯ್ದಿದಾರೆ. ಇದೇ ಬೇಕು, ಇದೇ ಬಣ್ಣ ಬೇಕು ಅಂತ ಹಟ ಹಿಡಿದು ಒಯ್ದಿದಾರೆ. ರದ್ದಿ ಆಗಿದ್ರೆ ಒಯ್ತಿದ್ರಾ?" ಎಂದಳು.

"ಯಾರು ಯಜಮಾನ್ರು?"

"ಅಲ್ಲಿ ನಿಂತಿದಾರಲ್ಲ, ಅವರೇ."

ಟ್ರೆವರ್ ಬ್ರೆಡ್ ಸುಡುವ ಯಂತ್ರಗಳ ಸಾಲಿನ ಮುಂದೆ, ಕೊಳ್ಳುವವನ ಹಾಗೆ, ಒಂದರ ಗುಂಡಿ ಒತ್ತುತ್ತಾ ನಿಂತಿದ್ದ. ತಿರುಗಲಿಲ್ಲ.

"ಬೇರೆ ಯಾರನ್ನೋ ನೋಡಿರ್ತೀರಿ. ನಮ್ಮ ಮನೇಲಿರೋದು ಒಂದೇ ಕೆಟಲ್," ಎಂದಳು ಪಾಲೀನ್.

ಲಿನೆಟ್ ಸುಟ್ಟ ಕೆಟಲನ್ನು ಹೊರತೆಗೆದು ಬೋರಲು ಹಾಕಿದಳು. ಕರಗಿ ಜೋತುಬಿದ್ದ ತಳದ ಮೇಲೆ ನಾಲ್ಕು ಅಡ್ಡಗೆರೆಗಳು ಆಳವಾಗಿ ಕೂತಿದ್ದವು. ಗ್ಯಾಸ್ ಒಲೆಯ ಕಬ್ಬಿಣದ ಕಂಬಿಗಳ ಗುರುತು. ಪಾಲೀನ್ ದಿನಾ ಉಜ್ಜುವ ಕಂಬಿಗಳು.

"ಕರೆಂಟಿನ ಕೆಟಲನ್ನ ಒಲೆ ಮೇಲಿಟ್ಟು ಗ್ಯಾಸ್ ಹಚ್ಚಿದಾರಮ್ಮ," ಎಂದಳು ಲಿನೆಟ್. ಅವಳ ದನಿಯಲ್ಲಿದ್ದ ಜಗಳ ಇಳಿದುಹೋಗಿತ್ತು. "ನಮ್ಮತ್ತೆಯೂ ಒಂದ್ಸಲ ಇಟ್ಟಿದ್ರು. ಒಂದ್ಸಲ ಎಲ್ರೂ ಮಾಡ್ತಾರೆ."

ಎರಡು ಕೊಂಡದ್ದು, ಮೊದಲು ಇದ್ದದ್ದು ಒಂದು. ಹಾಗಾದರೆ ಮೂರು ಸಲ.

ಪಾಲೀನ್ ಕೆಟಲನ್ನೆತ್ತಿ ಒಳಗೆ ನೋಡಿದಳು. ಅವರ ಊರಿನ ನೀರಿಗೆ ಮೂರು ವಾರದಲ್ಲಿ ಯಾವ ಕೆಟಲಿನ ಒಳಗೂ ಸುಣ್ಣ ಕಟ್ಟುತ್ತದೆ. ಅವರದಕ್ಕೆ ಈಸ್ಟರಿನಿಂದೀಚೆಗೆ ಕಟ್ಟಿರಲೇ ಇಲ್ಲ. ನಮ್ಮ ಟ್ರೆವರ್ ವಿನಿಗರ್ ಹಾಕಿ ತೊಳೀತಾನೆ, ನಿಮ್ಮ ಗಂಡಂದಿರೂ ಇದ್ದಾರೆ ದಂಡಕ್ಕೆ ಅಂತ ಶಾಲೆಯ ಅಡುಗೆಮನೆಯಲ್ಲಿ ಎಲ್ಲರೆದುರು ಜಂಬ ಕೊಚ್ಚಿದ್ದಳು. ತೊಳೆದದ್ದಲ್ಲ, ಅದು ಹೊಸದು. ಅವಳು ಕೆಲಸಕ್ಕೆ ಹೋದಾಗ ಸುಟ್ಟಿದ್ದಾನೆ, ಕಿಟಕಿ ತೆರೆದಿದ್ದಾನೆ, ಒಲೆ ಕೆರೆದಿದ್ದಾನೆ, ಬಸ್ ಹಿಡಿದು ಬಂದು ಅಂಥದ್ದೇ ಕೊಂಡು ಹೋಗಿ ಅದೇ ಜಾಗದಲ್ಲಿ ಇಟ್ಟಿದ್ದಾನೆ. ಅವಳು ಸಂಜೆ ಬಂದು ಅದರಲ್ಲೇ ನೀರು ಕಾಯಿಸಿ ಕುಡಿದಿದ್ದಾಳೆ.

"ಟ್ರೆವರ್!" ಎಂದು ಕೂಗಿದಳು. ಅಂಗಡಿಯಲ್ಲಿದ್ದ ಇನ್ನಿಬ್ಬರು ತಿರುಗಿ ನೋಡಿದರು. "ಇಲ್ಲಿ ಬಾ. ನನ್ನ ಮುಖ ನೋಡು. ಏನಿದು?"

ಟ್ರೆವರ್ ಬಂದ. ಅವಳ ಮುಖ ನೋಡದೆ ಕೆಟಲಿನ ತಳವನ್ನೇ ನೋಡಿದ.

"ಚಿಕ್ಕವನಿದ್ದಾಗ ನಮ್ಮಮ್ಮನ ಹತ್ರ ಸಿಳ್ಳೆ ಹೊಡೆಯೋ ಕೆಟಲ್ ಇತ್ತು. ಒಲೆ ಮೇಲಿಡೋದು. ಕೈ ತಾನಾಗೇ ಅಲ್ಲಿಗೆ ಹೋಗುತ್ತೆ ಪಾಲೀನ್. ಇಟ್ಟದ್ದು ಗೊತ್ತೇ ಆಗಲ್ಲ. ಹೊಗೆ ಬಂದ್ಮೇಲೆ, ಅಯ್ಯೋ, ಇದನ್ಯಾರು ಇಲ್ಲಿಟ್ರು ಅಂತ ನಾನೇ ಬೈಕೋತೀನಿ."

"ನನಗ್ಯಾಕೆ ಹೇಳ್ಲಿಲ್ಲ, ಕತ್ತೆ?"

"ಹೇಳಿದ್ರೆ ನಾಳೆಯಿಂದ ಅಡುಗೆಮನೆಗೆ ಬರಬೇಡ ಅಂತಿದ್ದೆ ನೀನು."

ಅನ್ನುತ್ತಿದ್ದಳು. ಖಂಡಿತ ಅನ್ನುತ್ತಿದ್ದಳು. ಈಗಲೂ ಅದೇ ಮಾತು ನಾಲಿಗೆಯ ತುದಿಯಲ್ಲಿತ್ತು. ಅದನ್ನು ಆಡದೆ ಸುಟ್ಟ ಕೆಟಲನ್ನು ಚೀಲಕ್ಕೆ ತುರುಕಿದಳು.

ಟ್ರೆವರ್ ಗೋಡೆಯ ಹಲಗೆಯ ಕಡೆ ಹೋದ. ಬಸ್ಸಿನಲ್ಲಿ ಯಾವುದನ್ನು ಬೇಡವೆಂದಿದ್ದನೋ ಅದೇ ಸ್ಮಾರ್ಟ್ ಕೆಟಲಿನ ಡಬ್ಬಿಯನ್ನು ಎರಡೂ ಕೈಯಲ್ಲಿ ಇಳಿಸಿ ತಂದು ಗಲ್ಲಾದ ಮೇಲಿಟ್ಟ.

"ಇದು ಏನೇನು ಮಾಡುತ್ತೆ, ಅವಳಿಗೆ ಹೇಳಿ," ಎಂದ ಲಿನೆಟ್‌ಗೆ.

ಲಿನೆಟ್ ಹೇಳಿದಳು. ಫೋನಿನಿಂದ ಹಚ್ಚಬಹುದು, ಕೈಯಿಂದಲೂ ಹಚ್ಚಬಹುದು. ಹಚ್ಚಿದ ಕೂಡಲೇ ಫೋನ್ ಒಂದು ಸದ್ದು ಮಾಡುತ್ತದೆ, ಕುದಿದ ಮೇಲೆ ಇನ್ನೊಂದು. ನೀರಿಲ್ಲದಿದ್ದರೆ ತಾನೇ ಆರುತ್ತದೆ.

"ಒಲೆ ಮೇಲಿಟ್ರೆ?" ಎಂದು ಪಾಲೀನ್ ಕೇಳಿದಳು.

ಲಿನೆಟ್ ಟ್ರೆವರ್ ಕಡೆ ಒಮ್ಮೆ ನೋಡಿ, "ಅದಕ್ಕೇನೂ ಗೊತ್ತಾಗಲ್ಲಮ್ಮ. ಈ ಕರೆಂಟಿನ ಪೀಠದ ಮೇಲೆ ಕೂತಿದ್ರೆ ಮಾತ್ರ ಇದರ ಜಾಣತನ. ಎತ್ತಿ ಒಲೆ ಮೇಲಿಟ್ರೆ ಇದೂ ಸುಮ್ಮನೆ ಸುಡುತ್ತೆ," ಎಂದಳು.

ಇಷ್ಟೆಲ್ಲ ಬಲ್ಲ ವಸ್ತುವಿಗೆ ತನ್ನ ಕುಂಡಿ ಸುಡುತ್ತಿರುವುದು ಗೊತ್ತಾಗುವುದಿಲ್ಲವೆಂದರೆ! ಪಾಲೀನ್‌ಗೆ ಡಬ್ಬಿಯನ್ನು ಎತ್ತಿ ಎಸೆಯಬೇಕೆನ್ನಿಸಿತು.

"ಬೇಡ, ಇಟ್ಬಿಡಿ. ಯಾತಕ್ಕೂ ಬಾರದ್ದು."

"ತಗೊಳೋದು ಇದನ್ನೇ," ಎಂದ ಟ್ರೆವರ್. ಬೆಳಿಗ್ಗೆಯಿಂದ ಅವನ ದನಿ ಗಟ್ಟಿಯಾದದ್ದು ಇದೇ ಮೊದಲು. "ಕೇಳಿಲ್ಲಿ. ಆರು ಗಂಟೆಗೆ ನಾನು ಕೆಳಗೆ ಹೋಗಿ ಹಚ್ತೀನಿ. ಹಚ್ಚಿದ್ರೆ ನಿನ್ನ ಫೋನ್ ಸದ್ದು ಮಾಡುತ್ತೆ, ನೀನು ಮಲ್ಕೊಂಡಿರು. ಸದ್ದು ಬರ್ಲಿಲ್ಲ ಅಂದ್ರೆ ನಾನದನ್ನ ಒಲೆ ಮೇಲಿಟ್ಟಿದೀನಿ ಅಂತ. ಎದ್ದು ಬಾ."

ಪಾಲೀನ್ ಅವನನ್ನೇ ನೋಡಿದಳು. ಲೆಕ್ಕ ಸರಿಯಾಗಿಯೇ ಇತ್ತು. ಇಷ್ಟು ಸರಿಯಾಗಿ ಯೋಚಿಸುವ ಗಂಡ ಮೂರು ಕೆಟಲ್ ಸುಟ್ಟದ್ದು ಹೇಗೆ ಎಂಬುದೇ ಅವಳ ತಲೆಗೆ ಹೋಗಲಿಲ್ಲ.

"ಗುರುವಾರ ಡಾಕ್ಟರ ಹತ್ರ ಹೋಗ್ತಿದೀವಿ," ಎಂದಳು ಕೊನೆಗೆ. "ತುಟಿ ಬಿಚ್ಚಿದ್ರೆ ನೋಡು."

ಟ್ರೆವರ್ ದುಡ್ಡು ಕೊಟ್ಟು ಡಬ್ಬಿಯನ್ನು ಕಂಕುಳಿಗೇರಿಸಿದ.

ಮರುದಿನ ಭಾನುವಾರ ಬೆಳಿಗ್ಗೆ ಟ್ರೆವರ್ ಎದ್ದು ಕೆಳಗಿಳಿದದ್ದು ಅವಳಿಗೆ ಕೇಳಿಸಿತು. ಫೋನನ್ನು ಎದೆಯ ಮೇಲಿಟ್ಟುಕೊಂಡು ಮಲಗಿದ್ದಳು. ಆರಾಯಿತು. ಆರು ಒಂದಾಯಿತು. ನಲ್ಲಿಯ ಸದ್ದು ಬಂದು ನಿಂತಿತು. ಆರು ಮೂರಕ್ಕೆ ಅವಳು ಹೊದಿಕೆ ಒದ್ದು ಎದ್ದಳು. ಬರಿಗಾಲಲ್ಲಿ, ಕೆದರಿದ ತಲೆಯಲ್ಲಿ, ಮೆಟ್ಟಿಲಿನ ಅರ್ಧಕ್ಕೆ ಬಂದಾಗ ಕೈಯಲ್ಲಿದ್ದ ಫೋನ್ ಟಣ್ ಎಂದಿತು. ಅಲ್ಲೇ ಕೂತುಬಿಟ್ಟಳು.

ನೀರು ಕುದಿದ ಸದ್ದೂ ಆದ ಮೇಲೆ ಟ್ರೆವರ್ ಎರಡು ಮಗ್ ಹಿಡಿದು ಬಂದವನು ಅವಳನ್ನು ಕಂಡು ಕೆಳಗಿನ ಮೆಟ್ಟಿಲಲ್ಲೇ ನಿಂತ.

"ಯಾಕೆ ಎದ್ದೆ? ಸದ್ದು ಬಂತಲ್ಲ."

"ತಡವಾಗಿ ಬಂತು. ಏನ್ಮಾಡ್ತಿದ್ದೆ ಅಷ್ಟೊತ್ತು?"

"ಹಾಲು ಹುಡುಕ್ತಿದ್ದೆ."

"ಎಲ್ಲಿತ್ತು?"

ಟ್ರೆವರ್ ಮೇಲೇರಿ ಬಂದು ಒಂದು ಮಗ್ಗನ್ನು ಅವಳ ಕೈಗೆ ಕೊಟ್ಟು, ಒಂದು ಮೆಟ್ಟಿಲು ಕೆಳಗೆ, ಅವಳ ಮೊಣಕಾಲಿಗೆ ಬೆನ್ನು ಕೊಟ್ಟು ಕೂತ.

"ಫ್ರಿಜ್ಜಿನಲ್ಲೇ ಇತ್ತು," ಎಂದ. "ಹೊರಗೆ ಗಾಳಿ ಜೋರಾಗಿದೆ."

ಪಾಲೀನ್ ಮಗ್ಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.