ಖಾಲಿ ಕಿಟಕಿಯ ರೈಲು

ಅರ್ಧ ತಟ್ಟಿದ ರೊಟ್ಟಿಯನ್ನು ತಿರುಗಿಸುತ್ತ ಕಸ್ತೂರಿಬಾಯಿ ಪಡಸಾಲೆಯ ಕಡೆ ಕಿವಿ ಇಟ್ಟಿದ್ದಳು. ಔರಂಗಾಬಾದಿನಿಂದ ಬಂದ ಹೊಸ ಪಾಲುದಾರ ವಿಶ್ವನಾಥಪ್ಪನಿಗೆ ಗಂಡ ವೈಜನಾಥ ಕಂಪನಿಯ ಚರಿತ್ರೆ ಹೇಳುತ್ತಿದ್ದ.

“ಬೀದರದಿಂದ ಈ ನಾಸಿಕಕ್ಕ ಬಂದಾಗ ಕೈಯಾಗ ಒಂದು ಕತ್ರಿ ಇತ್ತು, ಅಷ್ಟ. ಎಣ್ಣಿ ಡಬ್ಬಿ ಕತ್ತರಿಸಿ ಮೊದಲ್ನೇ ಇಂಜಿನ್ ಮಾಡ್ದೆ. ಗೋದಾವರಿ ಘಾಟಿನ ಮ್ಯಾಲ ಚಾದರ ಹಾಸಿ ಮಾರ್ದೆ. ಇವತ್ತು ನಮ್ಮ ಆಟಿಗಿ ರೈಲು ಮುಂಬೈತನಕ ಹೋಗ್ತದ. ಎಲ್ಲಾ ಒಬ್ಬನೇ ಮಾಡೀನ್ರಿ.”

ಡಬ್ಬಿ ಅವಳ ಅಡುಗೆಮನೆಯದು. ಮೊದಲ ಸ್ಪ್ರಿಂಗುಗಳನ್ನು ಕೊಳ್ಳಲು ಹೋದದ್ದು ಅವಳ ಕೈಯ ಬಂಗಾರದ ಪಾಟಲಿ. ಘಾಟಿನಲ್ಲಿ ಚಾದರ ಹಾಸಿ ಕೂತವಳೂ ಅವಳೇ. ಅವನಿಗೆ ನಾಚಿಕೆಯಾಗುತ್ತಿತ್ತು, ಮರದ ಹಿಂದೆ ನಿಂತಿರುತ್ತಿದ್ದ.

ಕಂಪನಿ ನೋಂದಾಯಿಸುವಾಗ, “ನನ್ನ ಹೆಸರ್ಲೆ ಇಟ್ರ ಊರಾಗ ಅಣ್ಣತಮ್ಮಂದಿರು ಹಿಸ್ಸೆ ಕೇಳ್ತಾರ,” ಎಂದು ಮುಕ್ಕಾಲು ಪಾಲು ಷೇರನ್ನು ಅವಳ ಹೆಸರಿಗೆ ಬರೆಸಿದ್ದ. ಅಂದಿನಿಂದ ವಾರ್ಷಿಕ ಸಭೆ ಈ ಅಡುಗೆಮನೆಯಲ್ಲೇ. ಅವನು ಬಾಗಿಲಲ್ಲಿ ನಿಂತು ಏನೋ ಓದುತ್ತಾನೆ. “ಕೈ ಎತ್ತು” ಅನ್ನುತ್ತಾನೆ. ಹಿಟ್ಟಿನ ಕೈ ಎತ್ತುತ್ತಾಳೆ. “ಮೀಟಿಂಗ್ ಆಯ್ತು, ಚಹಾ ಇಡು.” ಮೊದಲ ವರ್ಷ ಇಬ್ಬರೂ ನಕ್ಕಿದ್ದರು. ಆಮೇಲೆ ಅವನೊಬ್ಬನೇ ನಗುತ್ತಿದ್ದ. ಈಗೀಗ ಅವನೂ ನಗುವುದಿಲ್ಲ.

ನಾಳೆಯ ಸಭೆ ಮಾತ್ರ ಔರಂಗಾಬಾದಿನಲ್ಲಿ. ನಾಸಿಕದ ಶೆಡ್ ಮಾರಿ ಅಲ್ಲಿ ದೊಡ್ಡ ಕಾರ್ಖಾನೆ ಕಟ್ಟುವುದಕ್ಕೆ, ತಗಡಿನ ಮೇಲೆ ಬಣ್ಣ ಅಚ್ಚುಹಾಕುವ ಯಂತ್ರ ತರುವುದಕ್ಕೆ ಒಪ್ಪಿಗೆ ಪಡೆಯಬೇಕಿತ್ತು.

“ಬಣ್ಣಾ ಬಳಿಯೋ ಹೆಣ್ಮಕ್ಕಳ್ದು ಏನ್ರಿ?” ವಿಶ್ವನಾಥಪ್ಪ ಕೇಳಿದ.

“ಅವ್ರ್ಯಾಕ ಬೇಕ್ರಿ? ಕಿಟಕ್ಯಾಗ ಒಂದು ಮುಖಾ ಬರಿಬೇಕಂದ್ರ ಅರ್ಧ ದಿನಾ ಹರಟಿ. ಮಷೀನಿಗಿ ಮುಖಾ ಬ್ಯಾಡ. ಖಾಲಿ ಕಿಟಕಿ ಸಾಕು.”

“ನಾಳಿಗಿ ನಿಮ್ಮ ಮನಿ ಬಾಯೇರು ಖುದ್ದು ಬರ್ಬೇಕು ನೋಡ್ರಿ. ಅವರ ಪಾಲೇ ದೊಡ್ಡದು. ಅವ್ರು ಒಲ್ಲೆ ಅಂದ್ರ ಎಲ್ಲಾ ಅಲ್ಲಿಗೇ ನಿಂತ್ಹೋಗ್ತದ.”

“ಒಲ್ಲೆ ಅನ್ನೋದು ಅಕಿಗಿ ಬರಬೇಕಲ್ರಿ!”

ಇಬ್ಬರೂ ಜೋರಾಗಿ ನಕ್ಕರು. ಹೆಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ಅದನ್ನು ಎತ್ತಿ ಪಕ್ಕಕ್ಕೆ ಎಸೆದು, ಕೈ ಒರೆಸಿಕೊಳ್ಳುತ್ತ ಹಿಂದಿನ ಜಗಲಿಗೆ ಹೋದಳು.

ಜಗಲಿಯಲ್ಲಿ ಹೆಂಗಸರು ಸಾಲಾಗಿ ಕೂತು ಆಟಿಕೆ ರೈಲಿನ ಡಬ್ಬಿಗಳಿಗೆ ಬಣ್ಣ ಹಚ್ಚುತ್ತಿದ್ದರು. ತುದಿಯಲ್ಲಿ ಜಲಜಾಕ್ಷಿ. ಹೋಟೆಲಿನಲ್ಲಿ ಅಡುಗೆಗಿದ್ದ ಅವಳ ಗಂಡ ಊರಿಗೆ ಹೋಗಿ ಬರುತ್ತೇನೆಂದು ಹೋದವನು ಬಂದಿರಲಿಲ್ಲ. ಈ ಕಿಟಕಿಗಳೇ ಅವಳ ಅನ್ನ.

“ಅಕ್ಕಾ, ಈ ಕಿಟಕಿಯವಳಿಗೆ ಕುಂಕುಮ ಇಡ್ಲಾ? ಗಂಡ ಜೊತೆಗಿದ್ದಾನಾ, ಒಬ್ಬಳೇ ಹೊರಟಿದ್ದಾಳಾ?”

“ಒಬ್ಬಾಕಿನೇ ಹೊಂಟಾಳ. ಆದ್ರೂ ಇಡು.”

ಹೆಂಗಸರು ನಕ್ಕರು. ಜಲಜಾಕ್ಷಿ ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿ, ಕಿಟಕಿಯಲ್ಲಿ ಕೂತವಳ ಹಣೆಗೆ ಚುಕ್ಕೆ ಇಟ್ಟಳು.

“ಒಳಗೆ ಎಂತ ಅಷ್ಟು ನಗು?”

“ಕಂಪನಿ ಚರಿತ್ರಿ ಹೇಳ್ಲಾಕತ್ತಾರ.”

“ಅದ್ರಲ್ಲಿ ನಾವಿದ್ದೇವಾ?”

ಕಸ್ತೂರಿಬಾಯಿ ಒದ್ದೆ ಬಣ್ಣದ ಡಬ್ಬಿಯನ್ನು ಬಿಸಿಲಿಗೆ ತಿರುಗಿಸಿಟ್ಟಳು.

ಒಳಗೆ ಬಂದು ಮತ್ತೆ ಹಿಟ್ಟು ನಾದಿದಳು. ಇಷ್ಟು ವರ್ಷ ಎತ್ತಿದ ಕೈಯಲ್ಲಿ ಎಷ್ಟು ಅಧಿಕಾರವಿತ್ತೆಂದು ಅವಳಿಗೂ ಗೊತ್ತಿರಲಿಲ್ಲ. ಅದನ್ನು ಕೊಟ್ಟ ಅವನಿಗೋ ಮರೆತೇಹೋಗಿತ್ತು. ಅಣ್ಣತಮ್ಮಂದಿರಿಗೆ ಹೆದರಿದವನಿಗೆ ಹೆಂಡತಿಯ ಹೆದರಿಕೆ ಒಂದು ದಿನವೂ ಬಂದಿರಲಿಲ್ಲವಲ್ಲ. ಉಳಿದ ಯಾವ ಮಾತಿಗಿಂತಲೂ ಇದೇ ಅವಳನ್ನು ಹೆಚ್ಚು ಸುಟ್ಟಿತು.

ನಾಳೆ ಎಲ್ಲರೆದುರು ಅವನು ಕೈ ಎತ್ತು ಅನ್ನುತ್ತಾನೆ. ಕೈ ಮಡಿಲಲ್ಲೇ ಇರುತ್ತದೆ. ಆಮೇಲೆ ಈ ಮನೆಯಲ್ಲಿ ಎಂಥ ದಿನಗಳು ಬರುತ್ತವೆಂದು ಅವಳಿಗೆ ಗೊತ್ತಿತ್ತು. ಬರಲಿ.

“ಏ, ನಾಳಿಗಿ ಬುತ್ತಿ ಕಟ್ಟು,” ಪಡಸಾಲೆಯಿಂದ ವೈಜನಾಥ ಕೂಗಿದ. “ವೈಜಾಪುರದ ಹತ್ರ ಉಣ್ಣೋಣು. ಶೇಂಗಾ ಹಿಂಡಿ ಮರೀಬ್ಯಾಡ.”

“ಕಟ್ತೀನ್ರಿ,” ಎಂದಳು.