ಬ್ರಿತವ್ವಗ ಹೇಳಿದ್ರೇನು?

ಅಪ್ಪನ ಜನಾಜಾ ಹೊತ್ತವರು ಗಲ್ಲಿಯ ತಿರುವು ದಾಟಿದರೋ ಇಲ್ಲವೋ, ರಾಮವ್ವ ನಿಖತಳ ದುಪಟ್ಟಾ ಹಿಡಿದು ಜಗ್ಗಿದಳು.

“ಬ್ರಿತವ್ವಗ ಹೇಳಿದ್ರೇನು?”

“ಯಾರಿಗಿ, ಆಯಿ?”

“ಅದ, ಸಮುದ್ರದ ದಂಡಿ ಮ್ಯಾಲಿನಾಕಿ. ಮಗ ಹಡಗ ಹತ್ತಿ ಹೋದಾಂವ ಬಂದಿಲ್ಲಲ್ಲ, ಅಕಿ. ನಿಮ್ಮಪ್ಪಾರು ದಿನಾ ಅಕಿ ಸುದ್ದಿ ಹೇಳ್ತಿದ್ರು. ಇವರು ಹೋದದ್ದು ಅಕಿಗೂ ಗೊತ್ತಾಗಬೇಕಲ್ಲ? ಫೋನ್ ಹಚ್ಚು.”

ಆ ಸಂಕಟದಲ್ಲೂ ನಿಖತಳಿಗೆ ನಗು ಬಂತು. ಬ್ರಿತಾ ಎಂಬ ಹೆಂಗಸು ಇದ್ದದ್ದು ಅಪ್ಪ ಲೈಬ್ರರಿಯಿಂದ ತಂದ ಕಾದಂಬರಿಯಲ್ಲಿ, ಯಾವುದೋ ಹಿಮದ ದೇಶದಿಂದ ಕನ್ನಡಕ್ಕೆ ಬಂದದ್ದರಲ್ಲಿ. ಹದಿನೈದು ವರ್ಷದಿಂದ ಈ ಮನೆಯಲ್ಲಿ ಮಗ್ಗದ ಕಂಡಿಕೆಗೆ ನೂಲು ಸುತ್ತುವ ರಾಮವ್ವನಿಗೆ ಅದು ಗೊತ್ತಿಲ್ಲ. ಈಗ ಹೇಳಿದರೆ, ಮಣ್ಣಾಗುವ ದಿನವೇ ಅಪ್ಪ ಸುಳ್ಳುಗಾರನಾಗುತ್ತಾನೆ.

*

ನಿಖತಳ ಅಪ್ಪ ಅಹ್ಮದಸಾಬ ಗುಳೇದಗುಡ್ಡ ಬಿಟ್ಟು ಹೋದರೆ ಬಾದಾಮಿಗೆ, ಹೆಚ್ಚೆಂದರೆ ಬಾಗಲಕೋಟೆಗೆ. ಆದರೆ ಮಗ್ಗದ ಕುಣಿಯಲ್ಲಿ ಕಾಲಿಳಿಸಿ ಕೂತನೆಂದರೆ ಲೋಕವೆಲ್ಲ ತಿರುಗಿ ಬಂದವನ ಮಾತು. ನಸುಕಿನಲ್ಲಿ ಓದಿದ್ದನ್ನು ಖಣ ನೇಯುತ್ತ ಹೇಳುವನು. ಕತೆ ಎಂದು ಮಾತ್ರ ಹೇಳನು.

“ಅಲ್ಲೊಬ್ಬ ಬಡಿಗ್ಯಾ ಅದಾನ. ಹೆಂಡ್ತಿ ಕೂಡ ಮಾತು ಬಿಟ್ಟಾನ,” ಎಂದು ಓಣಿಯ ಸುದ್ದಿಯಂತೆ ಶುರುಮಾಡಿದರೆ, “ಯಾಕಂತ?” ಎಂದು ರಾಮವ್ವನ ರಾಟೆ ನಿಲ್ಲುತ್ತಿತ್ತು. “ರಾಟಿ ನಿಂತ್ರ ಹೊಟ್ಟಿ ತುಂಬತೈತೇನು?” ಎಂದು ಹೆಂಡತಿ ಜೋಹರಾ ಒಳಗಿನಿಂದ ಗದರುವಳು, ಆಮೇಲೆ ತಾನೂ ಬಾಗಿಲಿಗೆ ಬಂದು ನಿಲ್ಲುವಳು.

ಬ್ರಿತಾಳ ಮಗ ಕಾಣೆಯಾದ ದಿನ ರಾಮವ್ವ ಬೀರಪ್ಪನಿಗೆ ಹರಕೆ ಹೊತ್ತಳು: ಅವನು ಬರುವತನಕ ತನ್ನ ಚಹಾಕ್ಕೆ ಸಕ್ಕರೆಯಿಲ್ಲ.

“ಅಬ್ಬಾ, ಪುಸ್ತಕದಾಗಿಂದು ಅಂತ ಹೇಳಿಬಿಡ್ರಿ,” ಎಂದಿದ್ದಳು ನಿಖತ.

“ಹೇಳಾಕ ಹೋಗಿದ್ನೆವಾ. ಅಷ್ಟರಾಗ ಅತ್ತುಬಿಟ್ಲು. ಅಳಾಕಿ ಮುಂದ ಏನಂತ ಹೇಳ್ಲಿ?”

ವಾರದಲ್ಲೇ ಅಹ್ಮದಸಾಬ ಹಾಸಿಗೆ ಹಿಡಿದ. ಪುಸ್ತಕ ಅರ್ಧಕ್ಕೆ ನಿಂತಿತು.

*

“ಆಯಿ, ಬ್ರಿತವ್ವ ಪುಸ್ತಕದಾಗಿನಾಕಿ,” ಎಂದಳು ನಿಖತ. “ಯಾರೋ ಕೂತು ಬರದಿದ್ದು. ಅಬ್ಬಾನ ಮ್ಯಾಲೆ ಸಿಟ್ಟಾಗಬ್ಯಾಡ.”

ರಾಮವ್ವ ಹಿಡಿದಿದ್ದ ದುಪಟ್ಟಾ ಬಿಟ್ಟಳು.

“ಬಡಿಗ್ಯಾ?”

“ಅವನೂ.”

“ಆ ಕುದುರಿ ಕಳಕೊಂಡಾಂವ?”

“ಅವನೂ, ಆಯಿ.”

“ಎಲಾ ಇವ್ನ!” ರಾಮವ್ವ ಬಾಯಿಯ ಮೇಲೆ ಕೈಯಿಟ್ಟಳು. “ಇಷ್ಟು ವರ್ಷ ಅಳಿಸ್ಯಾನ, ನಗಿಸ್ಯಾನ, ಒಂದಿನಾ ಬಾಯಿ ಬಿಟ್ಟಿಲ್ಲ ನೋಡು!” ಹೀಗೆಂದು ಕಣ್ಣೊರೆಸಿಕೊಂಡವಳ ಮುಖದಲ್ಲಿ ಸಿಟ್ಟಿನ ಸುಳಿವಿರಲಿಲ್ಲ. “ಅದಿರ್ಲಿ. ಮಗ ಬಂದ್ನೇನು?”

“ನನಗೂ ಗೊತ್ತಿಲ್ಲ. ನಾ ಓದಿಲ್ಲ.”

“ಓದು ಮತ್ತ!”

ನಿಖತ ತಾಯಿಯ ಕಡೆ ನೋಡಿದಳು. ಮೂಲೆಯಲ್ಲಿ ಕೂತಿದ್ದ ಜೋಹರಾ ಬೆಳಗಿನಿಂದ ಮೊದಲ ಸಲ ತಲೆಯೆತ್ತಿ, “ಓದವಾ,” ಎಂದಳು. “ಅವರಿಗೂ ಅದ ಒಂದು ಉಳಿದಿತ್ತು.”

ನಿಖತ ಪುಸ್ತಕ ತಂದು, ಅಪ್ಪ ನಿಲ್ಲಿಸಿದ್ದ ಪುಟದಿಂದ ಓದತೊಡಗಿದಳು. ನಾಲ್ಕು ಪುಟ ದಾಟುವಷ್ಟರಲ್ಲಿ ಅಪ್ಪನ ಧಾಟಿಯೇ ಬಂದುಬಿಟ್ಟಿತು, ಅವಳಿಗೇ ಹಿತವೆನಿಸಿತು. ಅಡುಗೆಮನೆಯ ಹೆಂಗಸರೂ ಬಂದು ಕೂತರು. ರಾಮವ್ವ ಬಾಗಿಲಲ್ಲಿ ಕಾಲು ಚಾಚಿ ಕೂತು ಕೇಳುತ್ತಿದ್ದಳು.

“‘ಹಿಮದ ಮೇಲೆ ಹೆಜ್ಜೆಯ ಸಪ್ಪಳ ಕೇಳಿತು. ಬ್ರಿತಾ ಓಡಿ ಹೋಗಿ ಅಗುಳಿ ತೆಗೆದಳು. ಎದುರಿಗೆ ಮಗ ನಿಂತಿದ್ದ...’”

ರಾಮವ್ವ ಲಗುಬಗೆಯಿಂದ ಕಾಲು ಮಡಚಿಕೊಂಡು, ಗೋಡೆಗೊತ್ತಿ ಸರಿದು, ಬಾಗಿಲಲ್ಲಿ ದಾರಿ ಬಿಟ್ಟಳು.