ಡೀಸೆಲ್ ಎಂದು ಬರೆಸಿದ ಎಂಜಿನ್

ಖಾನಾಪುರದ ಗೂಡ್ಸ್ ಶೆಡ್ಡಿಗೆ ಹೋಗುವ ಹಳಿಯ ಮೇಲೆ ಕರೆಂಟ್ ತಂತಿ ಇಲ್ಲ. ಬೆಳಗಾವಿಯಿಂದ ಗೊಬ್ಬರದ ವ್ಯಾಗನ್ ತಂದ ಕರೆಂಟ್ ಎಂಜಿನ್ ಹೊರಗೇ ನಿಲ್ಲುತ್ತದೆ. ಒಳಗೆ ತಳ್ಳಲು ಬೇರೆ ಡೀಸೆಲ್ ಎಂಜಿನ್ ಬರಬೇಕು. ಅದಕ್ಕೆ ಅರ್ಧ ದಿನ ಕಾದು ಕಾದು ನನ್ನ ಕೂದಲು ಬೆಳ್ಳಗಾಗಿದೆ.

ಹೊಸ ಎಂಜಿನ್ನಿಗೆ ಆ ಕಾಟವಿಲ್ಲ. ತಂತಿ ಇದ್ದಲ್ಲಿ ಕರೆಂಟು, ಇಲ್ಲದಲ್ಲಿ ಬ್ಯಾಟರಿ, ಏರು ಬಂದರೆ ಡೀಸೆಲ್ಲೂ ಕೈಜೋಡಿಸುತ್ತದೆ. ವ್ಯಾಗನ್ ಬಿಟ್ಟು, ಖಾಲಿ ವ್ಯಾಗನ್ ಹಿಡಿದು ಮೂರು ತಾಸಿನೊಳಗೆ ಮರಳಿ ಬೆಳಗಾವಿ ಮುಟ್ಟಿದರೆ ಅದು ನಮ್ಮ ಮಾರ್ಗದಲ್ಲೇ ಉಳಿಯುತ್ತದೆ. ಇಲ್ಲದಿದ್ದರೆ ವಾಪಸ್. ಆ ಪರೀಕ್ಷೆಗೆ ಚಾಲಕ ನಾನು. ಜೊತೆಗೆ ಸಹಾಯಕ ಕಲ್ಮೇಶ.

ಬೆಳಿಗ್ಗೆ ಒಂಬತ್ತಕ್ಕೆ ಬೆಳಗಾವಿಯಿಂದ ಹೊರಟು ಮುಕ್ಕಾಲು ತಾಸಿನಲ್ಲಿ ಖಾನಾಪುರ ತಲುಪಿದೆವು. ಸ್ಟೇಷನ್ ಮಾಸ್ಟರ್ ದಾನೇಶ್ವರಿ ಎಂಜಿನ್ ಒಳಬಿಡುವ ಅಪ್ಪಣೆಯ ಕಾಗದ ಮುಂದಿಟ್ಟರು.

“ಭರಮಣ್ಣಾರ, ಇದರಾಗ ಎರಡ ಖಾನೆ ಅದಾವ್ರಿ. ಡೀಸೆಲ್, ಕರೆಂಟ್. ಯಾವುದಕ್ಕ ಗುರ್ತು ಹಾಕ್ಲಿ?”

“ಎರಡಕ್ಕೂ ಹಾಕ್ರಿ ಬಾಯಾರ.”

“ಮೊದಲ ಹಂಗ ಹಾಕಿ ಕಳಿಸೇನಿ. ಗಾಡಿ ಬಿಡೂ ಕಂಟ್ರೋಲ್‌ನವರು ಒಂದ ಹೇಳು ಅಂತಾರ. ಕರೆಂಟ್ ಅಂದ್ರ ಒಳಗ ಬಿಡೂದಿಲ್ಲ.”

“ಹಂಗಾದ್ರ ಬ್ಯಾಟರಿಗೆ ಯಾವ ಜಾತಿ ಅಂತ ಕೇಳ್ರಿ,” ಎಂದ ಕಲ್ಮೇಶ. ಯಾರೂ ನಗಲಿಲ್ಲ.

ಇಪ್ಪತ್ತು ನಿಮಿಷ ಫೋನಿನಲ್ಲೇ ಹೋಯಿತು. ಶೆಡ್ಡಿನ ಮುಂದೆ ಹಮಾಲರು ಕೂತಿದ್ದರು. ಅವರ ಮುಖಂಡ ಮುತ್ತಪ್ಪ ಕೂಗಿದ: “ಏ ಭರಮಣ್ಣಾ, ಹೊಸಾ ಎಂಜಿನ್ ಅಂದಿ, ಇದೂ ನಿಂತಕೊಂಡ ನಿದ್ದಿ ಮಾಡತೈತಲ್ಲೋ!”

ನನಗೆ ತಡೆಯಲಾಗಲಿಲ್ಲ. “ಡೀಸೆಲ್ ಅಂತ ಬರೀರಿ ಬಾಯಾರ. ಹೇಳಿದಾಂವ ನಾನು, ಸಹಿ ನಂದ.”

ಕೂಡಲೇ ಅಪ್ಪಣೆ ಬಂತು. ತಂತಿ ಮುಟ್ಟುವ ಚೌಕಟ್ಟು ಇಳಿಸಿ, ಬ್ಯಾಟರಿಯ ಮೇಲೆ ಸದ್ದಿಲ್ಲದೆ ಒಳಗೆ ಹೋದೆವು. ಅರ್ಧ ತಾಸಿನಲ್ಲಿ ಖಾಲಿ ವ್ಯಾಗನ್ ಹಿಡಿದು ಹೊರಬಂದೆವು. ಗೆದ್ದೆ ಎಂದುಕೊಂಡೆ.

ಮರಳುವ ದಾರಿಯ ದೇಸೂರಿನಲ್ಲಿ ಕೆಂಪು ದೀಪ. ನಮ್ಮನ್ನು ಬಾಜು ಹಳಿಗೆ ಹಾಕಿದರು. ಒಂದು ಪ್ಯಾಸೆಂಜರ್ ಹೋಯಿತು, ಎಕ್ಸ್‌ಪ್ರೆಸ್ ಹೋಯಿತು, ಕಡೆಗೆ ನಮ್ಮಂಥದೇ ಒಂದು ಗೂಡ್ಸೂ ಹೋಯಿತು. ಫೋನ್ ಮಾಡಿದರೆ ಕಂಟ್ರೋಲ್‌ನವರದು ಒಂದೇ ಮಾತು: “ನಿಂದು ಡೀಸೆಲ್ ಐತಿ, ಸಾವಕಾಶ ಹೋಗತೈತಿ. ಕರೆಂಟಿನವು ಮೊದಲ ಹೋಗ್ಲಿ.” ನನ್ನ ಸಹಿಯೇ ನನ್ನ ಕಾಲಿಗೆ ಸುತ್ತಿಕೊಂಡಿತ್ತು.

ಬೆಳಗಾವಿ ಮುಟ್ಟಿದಾಗ ಒಂದೂವರೆ. ಪರೀಕ್ಷೆ ನೋಡಲು ಬಂದ ಅಧಿಕಾರಿ ಗಡಿಯಾರ ನೋಡಿ ಪೆನ್ನು ತೆಗೆದರು. ಸುಮ್ಮನಿದ್ದರೆ ನಾನು ಉಳಿಯುತ್ತಿದ್ದೆ, ಎಂಜಿನ್ ಹೋಗುತ್ತಿತ್ತು. ನಡೆದದ್ದನ್ನೆಲ್ಲ ಹೇಳಿದೆ.

“ಸುಳ್ಳು ಬರಸಿದ್ರಿ ಅಂದ್ರ ಈ ಓಟ ಲೆಕ್ಕಕ್ಕಿಲ್ಲ,” ಎಂದರು. “ಗುರುವಾರ ಮತ್ತ ಓಡಸ್ತೀವಿ. ನೀವಲ್ಲ, ಬ್ಯಾರೆ ಚಾಲಕ. ನಿಮಗ ನೋಟಿಸ್ ಬರತೈತಿ.”

“ಬರಲಿ ಸಾಹೇಬರ,” ಎಂದೆ. “ಗುರುವಾರದೊಳಗ ಆ ಕಾಗದದಾಗ ಮೂರನೇ ಖಾನೆ ಹಾಕಸ್ರಿ. ಇಲ್ಲಾಂದ್ರ ಅವನೂ ನನ್ನಂಗ ಬರಸ್ತಾನ.”